ಲಾರೆನ್ಸ್ ಅಂಗಡಿಯಲ್ಲಿ ಹೆಚ್ಚಾದ ಎರಡು ಕೆಜಿ

ಸ್ನೇಹಿತರೇ, ಕಳಸದಲ್ಲಿ ಹೊಸದಾಗಿ ಮೆಣಸಿನ ವ್ಯಾಪಾರ ಶುರುಮಾಡಿರುವ ಲಾರೆನ್ಸ್ ಪ್ರತಿ ಮೂಟೆ ತೂಗುವ ಮೊದಲು ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಳ್ಳುತ್ತಾರೆ. ದೇವರನ್ನು ಅಂಗಡಿಗೆ ಕರೆತರುವ ವ್ಯಾಪಾರಿಯ ಮೇಲೆ ನನಗೆ ಯಾವಾಗಲೂ ಅನುಮಾನ. ಇವತ್ತು ನಮ್ಮ ತೋಟದ ಮೆಣಸನ್ನು ಮನೆಯಲ್ಲೇ ತೂಗಿ, ನಲವತ್ತು ಕೆಜಿ ಎಂದು ಬರೆದುಕೊಂಡೇ ಹೋದೆ.

ಅವರ ತಕ್ಕಡಿ ನಲವತ್ತೆರಡು ತೋರಿಸಿತು. ಅನುಮಾನ ಇನ್ನೂ ಹೆಚ್ಚಾಯಿತು. ಮೊದಲ ಸಲ ಜಾಸ್ತಿ ಕೊಟ್ಟು ಆಮೇಲೆ ತಲೆ ಬೋಳಿಸುವ ಉಪಾಯವಿರಬೇಕು!

"ಮನೇಲಿ ತೂಗ್ದಾಗ ನಲವತ್ತೇ ಇತ್ತು. ಎದುರಿನ ಮಿಲ್ಲಲ್ಲಿ ಇನ್ನೊಂದ್ಸಲ ತೂಗ್ಸಣ" ಎಂದೆ.

"ಧಾರಾಳವಾಗಿ ತೂಗ್ಸಿ ಅಮ್ಮ. ನಿಮ್ಮ ಎರಡು ಕೆಜಿ ಮುಚ್ಚಿಟ್ಕೊಂಡು ಭಾನುವಾರ ಚರ್ಚಲ್ಲಿ ಹೆಂಗೆ ಮೊಣಕಾಲೂರ್ಲಿ?" ಎಂದರು ಲಾರೆನ್ಸ್.

ಮಿಲ್ಲಿನಲ್ಲೂ ನಲವತ್ತೆರಡೇ.

ಅಂದರೆ ತಪ್ಪು ತೋರಿಸುತ್ತಿದ್ದುದು ನಮ್ಮನೆ ತಕ್ಕಡಿ. ಈ ಸಲದ ಕಾಫಿ ಕೊಯ್ಲನ್ನೆಲ್ಲ ತೂಗಿದ್ದು ಅದರಲ್ಲೇ. ಕೆಜಿ ಲೆಕ್ಕದಲ್ಲಿ ಹಣ್ಣು ಕೊಯ್ಯುವ ಸರೋಜ "ತೂಕ ಕಮ್ಮಿ ಬರ್ತಿದೆ ಅಮ್ಮ" ಎಂದಾಗ ನಾನು ಅವಳನ್ನೇ ಅನುಮಾನಿಸಿದ್ದೆ.

ಬಸ್ಸಿಳಿದವಳೇ ಅವಳ ಮನೆಗೆ ಹೋಗಿ ಎಲ್ಲ ಹೇಳಿದೆ. ಕಡಿಮೆಯಾದ ಕೂಲಿ ಕೊಡುತ್ತೇನೆಂದೆ.

"ಕೊಡಿ ಅಮ್ಮ. ಆದ್ರೆ ಲೆಕ್ಕ ಮಾಡುವಾಗ ಆ ಲಾರೆನ್ಸಣ್ಣನೂ ಇರ್ಲಿ" ಎಂದಳು ಸರೋಜ.

ಬೇಜಾರಾಯಿತು. ಆದರೆ ಅನುಮಾನ ಪಡುವುದನ್ನು ಅವಳು ಕಲಿತದ್ದು ನಮ್ಮ ತೋಟದಲ್ಲೇ ಇರಬೇಕು.