ಅಕ್ಕನ ಪಥ್ಯ

ಮೊನ್ನೆ ನರಸಿಂಹರಾಜಪುರದ ನಮ್ಮ ಮನೆಯಲ್ಲಿ ಹೆಂಡತಿ ಬೆಣ್ಣೆ ಕಾಯಿಸುತ್ತಿದ್ದಳು. ಕೊನೆಯಲ್ಲಿ ಒಂದು ವೀಳ್ಯದೆಲೆ ಹಾಕಿದಳು ನೋಡಿ, ಘಮ ಮನೆಯೆಲ್ಲ ತುಂಬಿತು. ನಾನು ಎದ್ದು ಹೊರಗೆ ಹೋದೆ. ನನಗೆ ತುಪ್ಪ ಸೇರುವುದಿಲ್ಲವೆಂದು ಅವಳು ಮದುವೆಯಾದಾಗಿನಿಂದ ನಂಬಿದ್ದಾಳೆ. ನಂಬಲಿ ಬಿಡಿ.

ಎರಡು ಸಾವಿರದ ಆರೋ ಏಳೋ ಇರಬೇಕು... ಆಗ ನಾನು ಕೊಪ್ಪದಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳುತ್ತಿದ್ದೆ. ನನ್ನ ಬಾಡಿಗೆ ಕೋಣೆಯ ಪಕ್ಕದ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಆಕೆಯನ್ನು ಅಕ್ಕ ಎನ್ನುತ್ತಿದ್ದೆ, ಬೈಕ್ ರಿಪೇರಿ ಅಂಗಡಿಯಿಟ್ಟಿದ್ದ ಅವರ ಯಜಮಾನರನ್ನು ಭಾವ. ದೋಸೆಗೂ ತುಪ್ಪ, ಕಡುಬಿಗೂ ತುಪ್ಪ, ಬರೀ ಅನ್ನಕ್ಕೂ ತುಪ್ಪ ಎನ್ನುವ ಹೆಂಗಸು ಅಕ್ಕ. ಸಾಕೆಂದು ಕೈ ಅಡ್ಡ ಹಿಡಿದರೆ, "ಗಾಳಿಗೆ ಹಾರಿಹೋಗ್ತೀರಿ ಮಾರಾಯ್ರೆ," ಎಂದು ಬೆರಳ ಸಂದಿಯಲ್ಲೇ ಸುರಿಯುತ್ತಿದ್ದರು.

ಅಂಥ ಅಕ್ಕನಿಗೆ ಅಂಡಾಶಯದ ಕ್ಯಾನ್ಸರ್ ಎಂದಾಯಿತು. ಘಟ್ಟದ ಕೆಳಗಿನ ಆಸ್ಪತ್ರೆಯಲ್ಲಿ ಆಪರೇಷನ್, ಆಮೇಲೆ ಕೀಮೋ. ಬಾಯಿಗೆ ರುಚಿಸಿದ್ದನ್ನೆಲ್ಲ ತಿನ್ನಲಿ, ಮೈಗೆ ಶಕ್ತಿ ಬೇಕು ಎಂದು ಹೇಳಿ ಡಾಕ್ಟರು ಮನೆಗೆ ಕಳಿಸಿದ್ದರು. ಹಾಗೇ ನಡೆದಿದ್ದರೆ ಚೆನ್ನಾಗಿತ್ತು. ಮಧ್ಯೆ ನನ್ನ ಪಾಂಡಿತ್ಯ ಬಾಯಿ ಹಾಕಿತು.

ಒಂದು ಸಂಜೆ ಭಾವನ ಅಂಗಡಿಯಲ್ಲಿ ಕೂತು, ವಿಜ್ಞಾನ ಪತ್ರಿಕೆಯಲ್ಲಿ ಓದಿದ್ದನ್ನು ಕೊಚ್ಚಿಕೊಂಡೆ. ಪ್ರತಿ ಜೀವಕೋಶಕ್ಕೂ ಕೊಬ್ಬಿನ ತೆಳು ಪೊರೆ ಇರುತ್ತದೆ, ಕ್ಯಾನ್ಸರ್ ಕೋಶದ ಪೊರೆಯಲ್ಲಿ ಆ ಕೊಬ್ಬಿನ ಜೋಡಣೆಯೇ ಬೇರೆ, ಅದನ್ನೇ ಗುರಿಯಿಟ್ಟು ಹೊಡೆಯುವ ಮದ್ದನ್ನು ಹುಡುಕುತ್ತಿದ್ದಾರೆ ಎಂದೆ. ಭಾವ ಕೈಯ ಗ್ರೀಸ್ ಒರೆಸಿಕೊಳ್ಳುವುದನ್ನೂ ಮರೆತು ಕೇಳಿದರು.

"ಅಂದ್ರೆ ಕೊಬ್ಬೇ ಸಿಗದಿದ್ರೆ ಅದಕ್ಕೆ ಪೊರೆ ಎಲ್ಲಿಂದ ಬರ್ತದೆ? ಅಲ್ವಾ ಮೇಷ್ಟ್ರೆ?"

ಅಲ್ಲ ಎನ್ನಬೇಕಿತ್ತು. ಒಳ್ಳೆಯ ಕೋಶಕ್ಕೂ ಅದೇ ಬೇಕು, ತಿನ್ನುವುದು ಬಿಟ್ಟರೂ ದೇಹ ಬಹುಪಾಲು ತಾನೇ ತಯಾರಿಸಿಕೊಳ್ಳುತ್ತದೆ ಎನ್ನಬೇಕಿತ್ತು. ಆದರೆ ನನ್ನ ಪಾಠವನ್ನು ಅಷ್ಟು ಶ್ರದ್ಧೆಯಿಂದ ಕೇಳಿದ ವಿದ್ಯಾರ್ಥಿ ಇನ್ನೊಬ್ಬರಿರಲಿಲ್ಲ. "ಒಂದು ರೀತಿ ಹೌದು," ಎಂದುಬಿಟ್ಟೆ.

ಮರುದಿನವೇ ಅವರ ಅಡುಗೆಮನೆಯಿಂದ ತುಪ್ಪ, ಎಣ್ಣೆ, ತೆಂಗಿನಕಾಯಿ ಎಲ್ಲ ಹೊರಬಿದ್ದವು. ಅಕ್ಕನಿಗೆ ಗಂಜಿ, ಉಪ್ಪು, ಬೇಯಿಸಿದ ಸೋರೆಕಾಯಿ. ಭಾವ ತಾವೂ ಅದನ್ನೇ ಉಂಡರು. ಪ್ರೀತಿ ಇಲ್ಲದ ಮನುಷ್ಯನಲ್ಲ, ಪ್ರೀತಿಯಿಂದಲೇ ಹೆಂಡತಿಯನ್ನು ಒಣಗಿಸಿದರು. ನಮ್ಮ ಮೇಷ್ಟ್ರು ಹೇಳಿದ್ದು ಎಂದು ಕೇರಿಯಲ್ಲೆಲ್ಲ ಸಾರಿದರು. ತಿದ್ದಬೇಕೆಂದು ನಾನು ಎರಡು ಸಲ ಅವರ ಮನೆಗೆ ಹೋದೆ... ಎರಡು ಸಲವೂ ಕಾಫಿ ಕುಡಿದು ಎದ್ದು ಬಂದೆ. ನನ್ನ ಮರ್ಯಾದೆ ನನಗೆ ಅಷ್ಟು ದೊಡ್ಡದಾಗಿತ್ತು.

ಒಂದು ಮಧ್ಯಾಹ್ನ ಅಕ್ಕ ಗೋಡೆ ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದರು. ಕೈಯಲ್ಲಿ ಗಂಜಿಯ ಬಟ್ಟಲು. ತೋಳು ಕಡ್ಡಿಯಾಗಿತ್ತು.

"ಒಂದು ಚಮಚ ತುಪ್ಪ ಹಾಕ್ಕೊಡಿ ಮೇಷ್ಟ್ರೆ. ಇದು ಗಂಟಲಲ್ಲಿ ಇಳಿಯೋದೇ ಇಲ್ಲ. ಇವರಿಗೆ ಹೇಳೂದು ಬೇಡ."

ಕಿಗ್ಗದಿಂದ ಅಮ್ಮ ಕಳಿಸಿದ್ದ ತುಪ್ಪದ ಬಾಟಲಿ ಕಿಟಕಿಯಲ್ಲೇ ಇತ್ತು. ಹಾಕಿಕೊಟ್ಟರೆ ನಾನು ಹೇಳಿದ್ದು ಸುಳ್ಳೆಂದು ಒಪ್ಪಿದಂತೆ. "ಸ್ವಲ್ಪ ದಿನ ತಡ್ಕೊಳ್ಳಿ ಅಕ್ಕ," ಎಂದೆ. ಅವರು ಬಾಟಲಿಯನ್ನು ನೋಡಿದರು, ನನ್ನನ್ನು ನೋಡಿದರು. ತುಂಬ ಹೊತ್ತು ನಿಂತಿದ್ದರು. ಆಮೇಲೆ ಬಟ್ಟಲು ಹಿಡಿದುಕೊಂಡು ಹಾಗೇ ಹಿಂದಿರುಗಿದರು.

ತಿಂಗಳು ತುಂಬುವ ಮೊದಲೇ ಹೋದರು. ಕಾಯಿಲೆ ಹೇಗೂ ಬಿಡುತ್ತಿರಲಿಲ್ಲವೇನೋ... ಆದರೆ ಆ ಹಸಿವನ್ನು ಕೊಟ್ಟದ್ದು ಕಾಯಿಲೆಯಲ್ಲ.

ಹನ್ನೊಂದನೆಯ ದಿನ ಅಕ್ಕನ ಹೆಸರಿನಲ್ಲಿ ಬಾಳೆಲೆಗೆ ಎಡೆ ಬಡಿಸಿದರು. ಭಾವ ತುಪ್ಪದ ಗಿಂಡಿ ಹಿಡಿದು, ಎಲೆಯ ಮುಂದೆ ಬಗ್ಗಿದವರು ಅಲ್ಲೇ ತಡೆದು, ನನ್ನ ಕಡೆ ತಿರುಗಿದರು.

"ಈಗ ಹಾಕ್ಬಹುದಲ್ಲ ಮೇಷ್ಟ್ರೆ?"

"ಹಾಕಿ," ಎಂದೆ. ಎಲೆಯ ಅಂಚಿನಿಂದ ಹರಿದು ನೆಲಕ್ಕಿಳಿಯುವಷ್ಟು ಸುರಿದರು.

ಪೊರೆಯ ಕೊಬ್ಬಿಗೆ ಗುರಿಯಿಡುವ ಆ ಮದ್ದಿನ ಹುಡುಕಾಟ ಈಗಲೂ ನಡೆದಿದೆಯಂತೆ. ಭಾವನಿಗೆ ನಾನು ಇಂದಿಗೂ ನಿಜ ಹೇಳಿಲ್ಲ. ಅವರು ಮತ್ತೆ ಮದುವೆಯಾಗಲಿಲ್ಲ, ನನಗೂ ಇನ್ನೊಬ್ಬ ಅಕ್ಕ ಸಿಗಲಿಲ್ಲ. ವರ್ಷಾವರ್ಷ ಜೀವಕೋಶದ ಪಾಠ ಬಂದಾಗ, ಪೊರೆಯ ಕೊಬ್ಬನ್ನು ದೇಹವೇ ತಯಾರಿಸಿಕೊಳ್ಳುತ್ತದೆ, ಊಟ ಬಿಟ್ಟು ಕ್ಯಾನ್ಸರನ್ನು ಉಪವಾಸ ಕೆಡವಲು ಆಗುವುದಿಲ್ಲ ಎಂದು ಮಕ್ಕಳಿಗೆ ಎರಡೆರಡು ಸಲ ಹೇಳುತ್ತೇನೆ. ಹೇಳಲು ಅರ್ಧ ನಿಮಿಷ ಸಾಕು. ಅಕ್ಕ ನನ್ನ ಬಾಗಿಲಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ನಿಂತಿದ್ದರು.