ಪಾರ್ಕಿಂಗ್ ಡ್ಯೂಟಿ ಅಂಕಲ್

ಪರ್ತಿನ ನಮ್ಮ ಬಡಾವಣೆ ಪಿಯಾರಾ ವಾಟರ್ಸ್‌ನಲ್ಲಿ ಯಾವನೋ ಪುಣ್ಯಾತ್ಮ ಆಗಾಗ ರೌಂಡಬೌಟಿನಲ್ಲಿ ಕಾರನ್ನು ಗಿರಗಿರ ತಿರುಗಿಸಿ ಟಯರ್ ಸುಡುತ್ತಾನೆ. ಮೊನ್ನೆ ಬೆಳಿಗ್ಗೆ ಕಸದ ಬಿನ್ ಹೊರಗಿಡೋಕೆ ಹೋದರೆ ಸುಟ್ಟ ರಬ್ಬರಿನ ವಾಸನೆ ರಸ್ತೆ ತುಂಬ ಹಾಗೇ ಕೂತಿತ್ತು. ಎದುರುಮನೆಯವರು ಕೌನ್ಸಿಲ್‌ಗೆ ದೂರು ಕೊಡ್ತೀನಿ ಅಂತ ಕೂಗಾಡುತ್ತಿದ್ದರು. ನಾನೂ ನಾಲ್ಕು ಮಾತು ಸೇರಿಸಬೇಕಿತ್ತು, ಬೈಯೋದರಲ್ಲಿ ನಾನೇನು ಹಿಂದೆ ಬೀಳೋಳಲ್ಲ. ಆದರೆ ಆ ವಾಸನೆ ನನಗೆ ಗೊತ್ತಿತ್ತು. ಅದು ಅಡಿಲೇಡಿನ ನಮ್ಮ ಹಳೇ ಗ್ಯಾರೇಜಿನ ವಾಸನೆ... ಅಂಕಲ್ ಹಾಕುತ್ತಿದ್ದ ಓವರಾಲ್‌ನ ವಾಸನೆ. ಬಿನ್ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ.

ಮದುವೆಯಾಗಿ ಮೈಸೂರಿನಿಂದ ಅಡಿಲೇಡಿಗೆ ಬಂದ ಹೊಸದರಲ್ಲಿ ಪಕ್ಕದ ಯೂನಿಟ್‌ನಲ್ಲಿ ಅಂಕಲ್, ಆಂಟಿ ಇದ್ದರು. ಮಂಗಳೂರು ಕಡೆಯ ಕ್ರಿಶ್ಚಿಯನ್ನರು, ಬಹಳ ವರ್ಷ ಗಲ್ಫಿನಲ್ಲಿದ್ದು ಬಂದವರು. ಅಲ್ಲಿ ಅಂಕಲ್ ವಿಮಾನ ನಿಲ್ದಾಣದ ಬೆಂಕಿ ಆರಿಸುವ ದಳದಲ್ಲಿದ್ದರಂತೆ. ಒಂದು ಸಲ ಕೈ ಸುಟ್ಟುಕೊಂಡು, ಮೊಣಕೈವರೆಗೂ ಬ್ಯಾಂಡೇಜ್ ಸುತ್ತಿಸಿಕೊಂಡು ಬಂದಾಗ ಆಂಟಿ ಅವರನ್ನು ಮರಿಯಮ್ಮನ ಮುಂದೆ ನಿಲ್ಲಿಸಿ ಆಣೆ ಮಾಡಿಸಿದ್ದರು, ಇನ್ನು ಬೆಂಕಿಯ ಹತ್ತಿರ ಹೋಗೋ ಕೆಲಸ ಮಾಡೋದಿಲ್ಲ ಅಂತ. ಹಾಗಾಗಿ ಅಡಿಲೇಡಿನಲ್ಲಿ ಅವರದು ಶಾಲೆಯ ಬಸ್ ಓಡಿಸುವ ಕೆಲಸ.

ಆದರೆ ಮಾರ್ಚ್ ಬಂತು ಅಂದರೆ ಈ ಮನುಷ್ಯನ ನಡಿಗೆಯೇ ಬೇರೆ. ಆಗೆಲ್ಲ ಗ್ರ್ಯಾಂಡ್ ಪ್ರಿ ಕಾರ್ ರೇಸಿನ ಸೀಸನ್ ಶುರುವಾಗುತ್ತಿದ್ದದ್ದು ಮೆಲ್ಬರ್ನ್‌ನಲ್ಲಿ. ಅದಕ್ಕೂ ಮುಂಚೆ ಅಡಿಲೇಡಿನ ಬೀದಿಗಳಲ್ಲೇ ರೇಸ್ ನಡೆಯುತ್ತಿತ್ತು, ಅದು ಸೀಸನ್ನಿನ ಕೊನೇದು. ಮೆಲ್ಬರ್ನಿನವರು ನಮ್ಮ ರೇಸನ್ನು ಹಾರಿಸಿಕೊಂಡು ಹೋದರು ಅನ್ನೋ ಸಿಟ್ಟು ಊರಿಗೆಲ್ಲ ಇತ್ತು, ಅಂಕಲ್‌ಗೆ ಮಾತ್ರ ಇರಲಿಲ್ಲ. "ಕೊನೇದ್ರಲ್ಲಿ ಎಂತ ಉಂಟು? ಯಾರು ಗೆದ್ದದ್ದು ಅಂತ ಮೊದಲೇ ಗೊತ್ತಾಗಿರ್ತದೆ. ಮೊದಲ್ನೇ ರೇಸಲ್ಲಿ ಎಲ್ರ ಪಾಯಿಂಟೂ ಸೊನ್ನೆ. ಶಾಲೆ ಸುರು ಆಗುವ ದಿನದ ಹಾಗೆ" ಅನ್ನುತ್ತಿದ್ದರು. ಹೊಸ ಬಣ್ಣದ ಕಾರುಗಳು, ಎದೆಗೇ ಬಂದು ಗುದ್ದುವ ಆ ಸದ್ದು... ಮಾತಾಡುತ್ತಾ ಅವರ ಕಣ್ಣು ಅರಳುತ್ತಿತ್ತು.

ಪ್ರತಿ ವರ್ಷ ಗೆಳೆಯರ ಜೊತೆ ಕಾರಿನಲ್ಲಿ ಮೆಲ್ಬರ್ನಿಗೆ ಹೊರಡೋರು. ಸಂಬಳವಿಲ್ಲದ ಸೇವೆ. ಆಂಟಿಗೆ ಹೇಳಿದ್ದು ಪಾರ್ಕಿಂಗ್ ಡ್ಯೂಟಿ ಅಂತ, ನೋಡೋಕೆ ಬಂದ ಜನರ ಕಾರುಗಳನ್ನು ಸಾಲಾಗಿ ನಿಲ್ಲಿಸೋದು. ನಿಜವಾಗಿ ಅವರು ಮಾರ್ಷಲ್. ಟ್ರ್ಯಾಕಿನ ಪಕ್ಕದಲ್ಲೇ, ಬೇಲಿಯ ಹತ್ತಿರ, ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಂಡು ನಿಲ್ಲೋದು, ಯಾವುದಾದರೂ ಕಾರು ಹೊತ್ತಿಕೊಂಡರೆ ಅದರ ಕಡೆಗೇ ಓಡೋದು. ಆಣೆ ಗಾಳಿಗೆ ಹೋಗಿತ್ತು. ಅವರ ಬಿಳಿ ಓವರಾಲ್, ಕತ್ತಿನಿಂದ ಕಾಲಿನವರೆಗಿನ ಆ ಡ್ಯೂಟಿ ಬಟ್ಟೆ, ಇರುತ್ತಿದ್ದದ್ದು ನಮ್ಮ ಗ್ಯಾರೇಜಿನಲ್ಲಿ, ಒಗೆಯುತ್ತಿದ್ದದ್ದು ನಮ್ಮ ವಾಷಿಂಗ್ ಮಷೀನಿನಲ್ಲಿ. "ನಂಗೆ ಇದು ಬಿಡ್ಲಿಕ್ಕೆ ಆಗುದಿಲ್ಲ ಮಗಳೇ. ಅವಳಿಗೆ ಮಾತ್ರ ಹೇಳ್ಬೇಡ" ಅಂದಿದ್ದರು. ನನಗೂ ಅದೊಂದು ಮಜಾ ಅನ್ನಿಸಿತ್ತು ಬಿಡಿ.

ಆ ವರ್ಷ ನಾನು ಬಸುರಿ. ನಮ್ಮನೆಯವರು ಆಫೀಸಿನ ಕೆಲಸಕ್ಕೆ ಅಂತ ಪರ್ತ್‌ಗೆ ಹೋಗಿದ್ದರು. ಒಬ್ಬಳೇ ಅಡುಗೆ ಮಾಡಿಕೊಂಡು ಕೂರಬೇಡ ಅಂತ ಆಂಟಿ ರೇಸಿನ ದಿನ ಮಧ್ಯಾಹ್ನ ಅವರ ಮನೆಗೇ ಕರೆದರು. ನೀರುದೋಸೆ, ಕೋಳಿಸಾರು. ಎದುರಿಗೆ ಟೀವಿಯಲ್ಲಿ ರೇಸ್. ನಾನು ತಟ್ಟೆ ಹಿಡಿದುಕೊಂಡು, ಬೇಲಿಯ ಹತ್ತಿರ ಎಲ್ಲಾದರೂ ಬಿಳಿ ಬಟ್ಟೆಯ ಕುಳ್ಳಗಿನ ಮನುಷ್ಯ ಕಾಣ್ತಾರಾ ಅಂತ ಕಳ್ಳಗಣ್ಣಿನಲ್ಲಿ ಹುಡುಕುತ್ತಿದ್ದೆ.

ರೇಸ್ ಶುರುವಾಗಿ ಸ್ವಲ್ಪ ಹೊತ್ತಿಗೆ ಎರಡು ಕಾರು ಒಂದಕ್ಕೊಂದು ಬಡಿದವು. ಒಂದು ಚಕ್ರ ಕಿತ್ತು ಹಾರಿಹೋಯಿತು. ಒಬ್ಬ ಮಾರ್ಷಲ್‌ಗೆ ಪೆಟ್ಟಾಗಿದೆ ಅಂದರು ಟೀವಿಯವರು.

ಅಯ್ಯೋ ದೇವರೇ! ಆಂಟಿ ಟೀವಿ ಕಡೆ ಒಂದು ಸಲ ನೋಡಿ, "ಪಾಪ, ಯಾರೋ ಏನೋ. ಇವರು ಪಾರ್ಕಿಂಗಲ್ಲಿ ಇರುದು ಒಳ್ಳೇದಾಯ್ತು. ನೀನು ಇನ್ನೊಂದು ದೋಸೆ ಹಾಕಿಸ್ಕೋ" ಅಂದರು. ಹೇಳೋದಾ, ಬಿಡೋದಾ? ಹೇಳಿದರೆ ಈ ಹೆಂಗಸು ಇಲ್ಲೇ ಕುಸಿದು ಬೀಳ್ತಾರೆ. ಹೇಳದೆ ಇದ್ದು, ಆಮೇಲೆ ಏನಾದರೂ ಆಗಿದೆ ಅಂತ ಗೊತ್ತಾದರೆ? ಅಂಕಲ್ ಹತ್ತಿರ ಮೊಬೈಲ್ ಇರಲಿಲ್ಲ. ತಟ್ಟೆಯ ದೋಸೆಯನ್ನು ಚೂರು ಚೂರು ಮಾಡುತ್ತಾ ಕೂತೆ.

ಸಂಜೆಯ ವಾರ್ತೆಯಲ್ಲಿ ಆ ಮಾರ್ಷಲ್ ತೀರಿಕೊಂಡರು ಅಂದರು. ಮನೆಯವರಿಗೆ ತಿಳಿಸುವ ತನಕ ಹೆಸರು ಹೇಳೋದಿಲ್ಲವಂತೆ. ಮನೆಯವರು ಅಂದರೆ ಯಾರು? ನನ್ನೆದುರಿಗೆ ಬೆಳ್ಳುಳ್ಳಿ ಬಿಡಿಸುತ್ತಾ ಕೂತಿದ್ದರಲ್ಲ, ಅವರೇ ಆಗಿದ್ದರೆ? ನಾನು ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಮುಖ ತೊಳೆದು ಬಂದೆ. ಆಂಟಿ ಬೆಳ್ಳುಳ್ಳಿ ಎತ್ತಿಟ್ಟು ಮೇಣದಬತ್ತಿ ಹಚ್ಚಿದರು. ತೇರ್ಸ್‌ನ ಹೊತ್ತಾಗಿತ್ತು.

ತೇರ್ಸ್ ಅಂದರೆ ಜಪಮಣಿ ಹಿಡಿದು ಅವರು ದಿನಾ ಸಂಜೆ ಕೊಂಕಣಿಯಲ್ಲಿ ಹೇಳುವ ಪ್ರಾರ್ಥನೆ. ಆ ಹೊತ್ತಿನಲ್ಲಿ ಆ ಮನೆಯಲ್ಲಿ ಯಾರೂ ಮಿಸುಕುವ ಹಾಗಿಲ್ಲ. ಬೆಲ್ ಹೊಡೆದುಕೊಳ್ಳಲಿ, ಫೋನ್ ಬಡಿದುಕೊಳ್ಳಲಿ, ಆಂಟಿ ಏಳೋರಲ್ಲ. ಒಂದು ಸಲ ಅವರ ಸ್ವಂತ ತಮ್ಮ ದುಬೈನಿಂದ ಮೂರು ಸಲ ಮಾಡಿದರೂ ಎದ್ದಿರಲಿಲ್ಲ. "ದೇವರ ಹತ್ರ ಮಾತಾಡುವಾಗ ಮಧ್ಯ ಎಂತ ಫೋನು?" ಅಂದಿದ್ದರು ನನ್ನ ಮುಂದೆಯೇ.

ಅವತ್ತು ತೇರ್ಸ್ ಅರ್ಧಕ್ಕೆ ಬಂದಿರಬೇಕು, ಫೋನ್ ರಿಂಗಾಯಿತು. ಮೊದಲನೇ ರಿಂಗ್ ಪೂರ್ತಿಯಾಗಲಿಲ್ಲ, ಆಂಟಿ ಓಡಿದರು. ಮಂಡಿನೋವು ಅಂತ ಮೆಟ್ಟಿಲೂ ಹತ್ತದ ಹೆಂಗಸು, ಜಪಮಣಿಯನ್ನು ಅಲ್ಲೇ ನೆಲದ ಮೇಲೆ ಬಿಟ್ಟು ಓಡಿದರು. ನನಗೆ ಆ ಕ್ಷಣ ಗೊತ್ತಾಗಿಹೋಯಿತು. ಪಾರ್ಕಿಂಗ್‌ನಲ್ಲಿ ನಿಂತ ಗಂಡನ ಫೋನಿಗೆ ಯಾವ ಹೆಂಡತಿಯೂ ಹಾಗೆ ಓಡೋದಿಲ್ಲ.

ರಿಸೀವರ್ ಎತ್ತಿ ಕಿವಿಗೆ ಒತ್ತಿ ಹಿಡಿದರು. ಆಮೇಲೆ ದಿನಾ ಮಾತಾಡುವ ಹಾಗೇ, ನನಗೂ ಅರ್ಥವಾಗುವಷ್ಟು ಕೊಂಕಣಿಯಲ್ಲಿ, ಊಟ ಆಯ್ತಾ, ಪಾರ್ಕಿಂಗಲ್ಲಿ ಬಿಸಿಲು ಜೋರಿತ್ತಾ ಅಂತ ಕೇಳಿದರು. ಫೋನ್ ಇಟ್ಟರು. ಗೋಡೆಗೆ ಒರಗಿ ಹಾಗೇ ನೆಲಕ್ಕೆ ಜಾರಿ ಕೂತರು.

ಅಬ್ಬಾ! ಇಬ್ಬರೂ ತಬ್ಬಿಕೊಂಡು ಅತ್ತದ್ದೇ ಅತ್ತದ್ದು, ಮಧ್ಯೆ ನಗು ಬೇರೆ. ಹೊಟ್ಟೆಯೊಳಗಿನ ಮಗುವೂ ಒದೆಯಿತು. ಅಂಕಲ್ ಟ್ರ್ಯಾಕಿನ ಪಕ್ಕ ನಿಲ್ಲೋದು ನಿಮಗೆ ಹೇಗೆ ಗೊತ್ತಾಯಿತು ಅಂತ ಕೇಳಿದರೆ, "ಪಾರ್ಕಿಂಗಲ್ಲಿ ನಿಂತವನಿಗೆ ಕಿವಿ ಯಾಕೆ ಮುಚ್ಚುದು ಮಾರಾಯ್ತಿ? ಪ್ರತಿ ಸಲ ಬಂದು ಎರಡು ದಿನ, ನಾನು ಎಂತ ಹೇಳಿದ್ರೂ ಆಂ? ಆಂ?" ಅಂತ ಅಂಕಲ್ ಥರವೇ ಮಾಡಿ ತೋರಿಸಿದರು. "ಮತ್ತೆ ಆ ಓವರಾಲ್, ಕಾಲರ್ ಸ್ವಲ್ಪ ಉಜ್ಜಿ ಒಗಿ. ಮಷೀನಲ್ಲಿ ಹೋಗುದಿಲ್ಲ." ಮಧ್ಯಾಹ್ನವೆಲ್ಲ ಕಲ್ಲಿನ ಹಾಗೆ ಇದ್ದದ್ದು ನನಗೋಸ್ಕರ. ಬಸುರಿ ಹುಡುಗಿ ಹೆದರಿಕೊಂಡರೆ ಅಂತ.

ಕಣ್ಣೊರೆಸಿಕೊಂಡು ಎದ್ದು ಜಪಮಣಿ ಎತ್ತಿಕೊಂಡರು. ತೇರ್ಸನ್ನು ಮೊದಲಿನಿಂದ ಹೇಳಬೇಕು ಅಂದರು, ಇದು ಆ ಇನ್ನೊಬ್ಬಳಿಗೆ, ಯಾರ ಮನೆಗೆ ಬೇರೆ ಥರದ ಫೋನ್ ಹೋಗಿದೆಯೋ ಅವಳಿಗೆ. ಆ ಪ್ರಾರ್ಥನೆಯ ಒಂದು ಪದವೂ ನನಗೆ ಬರುತ್ತಿರಲಿಲ್ಲ. ಪಕ್ಕದಲ್ಲಿ ಕೂತು ಕೈ ಮುಗಿದುಕೊಂಡೆ.

ಅಂಕಲ್ ಆಮೇಲೂ ಎಷ್ಟೋ ವರ್ಷ ಪಾರ್ಕಿಂಗ್ ಡ್ಯೂಟಿಗೆ ಹೋದರು, ನಾನು ಕಾಲರ್ ಉಜ್ಜಿದೆ. ನಾವು ಪರ್ತ್‌ಗೆ ಬಂದೆವು, ಅವರಿಬ್ಬರೂ ಬ್ರಿಸ್ಬೇನ್‌ಗೆ, ಮಗಳ ಹತ್ತಿರ ಹೋದರು. ಹೋದ ವರ್ಷ ಅಂಕಲ್ ತೀರಿಕೊಂಡರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಮನೆಯಲ್ಲೇ, ತಮ್ಮ ಹಾಸಿಗೆಯಲ್ಲೇ... ಸುದ್ದಿ ಕೇಳಿದಾಗ ದುಃಖಕ್ಕಿಂತ ಮೊದಲು ಬಂದದ್ದು ಒಂದು ಥರದ ನೆಮ್ಮದಿ. ದುಃಖ ನಿಧಾನಕ್ಕೆ ಬಂತು. ಬಂದದ್ದು ಇನ್ನೂ ಹೋಗಿಲ್ಲ.

ಮೊನ್ನೆ ಬಿನ್ ಅಲ್ಲೇ ಬಿಟ್ಟು ಒಳಗೆ ಬಂದು ಆಂಟಿಗೆ ಫೋನ್ ಮಾಡಿದೆ. ಇಷ್ಟು ವರ್ಷ ಕೇಳಬೇಕು ಅಂದುಕೊಂಡು ಕೇಳದೇ ಇದ್ದದ್ದನ್ನು ಕೇಳಿಯೇಬಿಟ್ಟೆ, ನಿಮಗೆ ಎಲ್ಲ ಗೊತ್ತಿತ್ತು ಅಂತ ಅಂಕಲ್‌ಗೆ ಕೊನೆಗಾದರೂ ಹೇಳಿದ್ರಾ?

"ಇಲ್ಲ ಮಗಳೇ" ಅಂದರು ಆಂಟಿ. "ಹೇಳಿದ್ರೆ ಅವರು ಹೋಗುದು ಬಿಟ್ಟುಬಿಡ್ತಿದ್ರು."