ಟಕ್ ಎನ್ನದ ಮೌಸು, ಹೊರಡದ ಪೆಲಿಕನ್

ಬೆಳಗಿನ ಐದೂವರೆ. ಸ್ಯಾಂಡಿ ಬೆಂಡ್ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ರೈಲುಗಳ ಓಡಾಟ ನೋಡಿಕೊಳ್ಳುವ ಟ್ರಾಫಿಕ್ ಕೋಣೆಯಲ್ಲಿ ಕೊರಲಿ ಆಂಬ್ರಿಮ್ ತಮ್ಮ ಬಲಗೈಯ ತೋರುಬೆರಳನ್ನು ಎಡಗೈಯಲ್ಲಿ ಹಿಡಿದು ಮೆಲ್ಲಗೆ ನೆಟ್ಟಗೆ ಮಾಡುತ್ತಿದ್ದಾರೆ. ಮಲಗಿದಾಗ ಮಡಚಿಕೊಂಡ ಬೆರಳು ಎದ್ದ ಮೇಲೂ ಬಿಡಿಸಿಕೊಳ್ಳುವುದಿಲ್ಲ. ಮುಖ ಕಿವುಚಿ ಎಳೆಯುತ್ತಾರೆ, ಅದು ಜಗ್ಗಿ ನೇರವಾಗುತ್ತದೆ. ಮೇಜಿನ ಮೇಲೆ ಎರಡು ಮೌಸುಗಳಿವೆ. ಒಂದು ಹೊಸದು, ಸೋಪಿನ ಬಿಲ್ಲೆಯಂತೆ ಬೆಳ್ಳಗೆ ನುಣ್ಣಗಿದೆ. ಗುಂಡಿಯಿಲ್ಲ, ಚಕ್ರವಿಲ್ಲ, ಮುಟ್ಟಿದರೆ ಸಾಕು. ಇನ್ನೊಂದು ಎಡಗುಂಡಿಯ ಬಣ್ಣ ಸವೆದುಹೋದ ಹಳೆಯ ಕರಿ ಮೌಸು. ಅದರ ವೈರನ್ನು ಕಂಪ್ಯೂಟರಿನಿಂದ ಕಿತ್ತು ಸುತ್ತಿಟ್ಟಿದ್ದಾರೆ.

ಅವರ ಕಣ್ಣು ಎರಡರ ಮೇಲೂ ಇಲ್ಲ. ಪರದೆಯಲ್ಲಿ ಕ್ಯಾಮಿಲೆರಿ ಲೂಪಿನೊಳಗೆ, ಎಂದರೆ ರೈಲು ಸರಿದು ನಿಲ್ಲುವ ಪಕ್ಕದ ಹಳಿಯಲ್ಲಿ, ನಿಂತಿರುವ ಒಂದು ಹಸಿರು ಚುಕ್ಕೆಯನ್ನೇ ನೋಡುತ್ತಿದ್ದಾರೆ. ಆ ಚುಕ್ಕೆ ಪೆಲಿಕನ್ ಹೆಸರಿನ ಕಬ್ಬಿನ ರೈಲಿನ ಇಂಜಿನ್. ಅದನ್ನು ಓಡಿಸುವವನು ಕೊರಲಿಯ ತಮ್ಮ ಲೈಲ್. ಮೂರು ವಾರದ ಹಿಂದೆ ಇದೇ ಲೂಪಿನಿಂದ ಸ್ವಲ್ಪ ಆಚೆ ಎರಡು ರೈಲುಗಳು ಎದುರುಬದುರು ಬಂದು ಗುದ್ದಿಕೊಳ್ಳುವುದು ಕೂದಲೆಳೆಯ ಅಂತರದಲ್ಲಿ ತಪ್ಪಿತ್ತು. ವಿಚಾರಣೆ ಮುಗಿಯುವವರೆಗೆ ಅಕ್ಕ-ತಮ್ಮ ಇಬ್ಬರನ್ನೂ ಕೆಲಸದಿಂದ ದೂರ ಇಟ್ಟಿದ್ದರು. ಇವತ್ತು ಇಬ್ಬರೂ ವಾಪಸ್ಸು ಬಂದ ಮೊದಲ ಬೆಳಿಗ್ಗೆ. ಹೊಸ ಮೌಸಿನಲ್ಲಿ ರೈಲು ಸುಸೂತ್ರವಾಗಿ ಓಡಿದರೆ ಕೊರಲಿ ಈ ಕುರ್ಚಿಯಲ್ಲಿ ಉಳಿಯುತ್ತಾರೆ. ಇಲ್ಲವಾದರೆ ನಾಳೆಯಿಂದ ಕಬ್ಬು ತೂಗುವ ಕಡೆ ಹೋಗಿ ಕೂರಬೇಕು.

ನಾನು ಈ ಊರಿಗೆ ಬಂದು ಇಪ್ಪತ್ತು ವರ್ಷ ದಾಟಿತು. ಜೂನ್‌ನಲ್ಲಿ ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಕ್ರಾಸಿಂಗಿನಲ್ಲಿ ಕಾರು ನಿಲ್ಲಿಸಿಕೊಂಡು, ಮುಗಿಯದ ಡಬ್ಬಿಗಳ ಸಾಲು ನೋಡುತ್ತ, ಈ ರೈಲನ್ನು ಇದೇ ಹೊತ್ತಿಗೆ ಬಿಟ್ಟ ಪುಣ್ಯಾತ್ಮರು ಯಾರಪ್ಪಾ ಎಂದು ಬೈಯದ ದಿನವಿಲ್ಲ. ಬಿಟ್ಟವರು ಇವರೇ. ಐವತ್ತೆಂಟರ ಹೆಂಗಸು, ದೊಡ್ಡ ಹೂಗಳ ಅಂಗಿ, ಕತ್ತಿನಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ, ಮೇಜಿನ ಕೆಳಗೆ ತೆಂಗಿನಹಾಲಿನಲ್ಲಿ ಬೇಯಿಸಿದ ಕೆಸುವಿನ ಗಡ್ಡೆಯ ಬುತ್ತಿ. ಊರಿನ ಅರ್ಧ ಜನಕ್ಕೆ ಇವರ ಹೆಸರೇ ಗೊತ್ತಿಲ್ಲ. ಡ್ರೈವರುಗಳಿಗೆ ಮಾತ್ರ ಇವರು ರೇಡಿಯೊದಲ್ಲಿ ‘ಟ್ರಾಫಿಕ್’, ರೇಡಿಯೊ ಆಚೆ ‘ಆಂಟಿ’.

ಕೊರಲಿಯ ಮುತ್ತಜ್ಜನನ್ನು ಆಂಬ್ರಿಮ್ ದ್ವೀಪದಿಂದ ಹಡಗಿಗೆ ಹತ್ತಿಸಿ ಕಬ್ಬು ಕಡಿಯಲು ಇಲ್ಲಿಗೆ ತಂದರು. ತಂದರು ಎನ್ನುವುದಕ್ಕಿಂತ ಎಳೆದು ತಂದರು ಎನ್ನಬೇಕು. ಆ ದ್ವೀಪದ ಹೆಸರೇ ಮನೆತನದ ಹೆಸರಾಗಿ ಉಳಿಯಿತು. ಅಪ್ಪ ಇದೇ ಕಬ್ಬಿನ ಹಳಿಗೆ ಸ್ಲೀಪರ್ ದಿಮ್ಮಿ ಹೊತ್ತವರು. ಮಗಳು ಕಾರ್ಖಾನೆಯ ಕ್ಯಾಂಟೀನಿನಲ್ಲಿ ತಟ್ಟೆ ತೊಳೆದು, ತೂಕದ ಕಡೆ ಕೂತು, ಕೊನೆಗೆ ಈ ಕೋಣೆಗೆ ಬಂದರು. ಮೊದಲ ದಿನ ರೇಡಿಯೊದಲ್ಲಿ ಹೆಂಗಸಿನ ದನಿ ಕೇಳಿ ಒಬ್ಬ ಡ್ರೈವರ್, ಟೀ ಆಯ್ತಾ ಎಂದು ಕೇಳಿದನಂತೆ. ಅವನನ್ನು ಮಧ್ಯಾಹ್ನದವರೆಗೆ ಒಂದು ಲೂಪಿನೊಳಗೆ ಬಿಸಿಲಿನಲ್ಲಿ ನಿಲ್ಲಿಸಿ, ಆಮೇಲೆ ಟೀ ಆಯ್ತು ಹೊರಡು ಎಂದರಂತೆ. ಅಂದಿನಿಂದ ಯಾರೂ ಟೀ ಕೇಳಿಲ್ಲ.

ಕೆಲಸ ಕೇಳಲು ಸರಳ. ಕಬ್ಬಿನ ಗದ್ದೆಗಳ ನಡುವೆ ಓಡುವುದು ಒಂಟಿ ಹಳಿ. ಅಲ್ಲಲ್ಲಿ ಒಂದು ರೈಲು ಪಕ್ಕಕ್ಕೆ ಸರಿದು ನಿಲ್ಲಲು ಲೂಪುಗಳಿವೆ. ಕೈಮರ ಇಲ್ಲ, ದೀಪ ಇಲ್ಲ. ಮುಂದಿನ ಲೂಪಿನವರೆಗೆ ಹಳಿ ಯಾರದ್ದು ಎಂದು ಹೇಳುವುದು ಕೊರಲಿ. ರೇಡಿಯೊದಲ್ಲಿ ಹೇಳುತ್ತಾರೆ, ಪರದೆಯಲ್ಲಿ ಹಳಿಯ ಆ ತುಂಡನ್ನು ಒತ್ತುತ್ತಾರೆ, ಅದು ಆ ಇಂಜಿನ್ನಿನ ಹೆಸರಿಗೆ ಬಣ್ಣ ಬದಲಿಸುತ್ತದೆ. ಒಂದು ಪಾಳಿಗೆ ಸಾವಿರಕ್ಕೂ ಹೆಚ್ಚು ಸಲ ಆ ಬೆರಳು ಒತ್ತುತ್ತದೆ. ಕಾರ್ಖಾನೆಯ ಬಾಯಿಗೆ ಕಬ್ಬು ಒಂದು ಗಳಿಗೆಯೂ ತಪ್ಪಬಾರದು.

ಮಾತಾಡಬೇಕಾದರೆ ಕಾಲಡಿಯ ಪೆಡಲ್ ಒತ್ತಿಹಿಡಿಯಬೇಕು. ಕೊರಲಿಯ ಕಾಲು ಸ್ವಲ್ಪ ಸೋಮಾರಿ, ಮಾತು ಮುಗಿದರೂ ಪೆಡಲಿನ ಮೇಲೇ ಕೂತಿರುತ್ತದೆ. ಹೀಗಾಗಿ ಮೌಸಿನ ಗುಂಡಿ ಒತ್ತಿದ ‘ಟಕ್’ ಸದ್ದು ಮೈಕಿನೊಳಗೆ ಹೊಕ್ಕು ಮೂವತ್ತು ಮೈಲಿ ಆಚೆ ಇಂಜಿನ್ನಿನೊಳಗೂ ಕೇಳುತ್ತಿತ್ತು. ವರ್ಷಗಳು ಕಳೆದಂತೆ ಡ್ರೈವರುಗಳು ಆ ಸದ್ದಿಗೇ ಬ್ರೇಕು ಸಡಿಲಿಸತೊಡಗಿದರು. ಹೇಳಿದ ಮಾತನ್ನು ಡ್ರೈವರ್ ತಿರುಗಿ ಹೇಳಬೇಕು ಎಂಬ ನಿಯಮ ಇದ್ದೇ ಇದೆ. ಅದು ಪುಸ್ತಕದ ಬದನೆಕಾಯಿಯಾಗಿ ಉಳಿಯಿತು.

“ಅಕ್ಕ ಹೋಗು ಅಂತಾಳೆ, ಆಮೇಲೆ ಬ್ಯಾಡ ತಾಳು ಅಂತಾಳೆ, ಇನ್ನೊಂದು ಗಳಿಗೆಗೆ ಹೋಗಪ್ಪ ಅಂತಾಳೆ,” ಎನ್ನುತ್ತಾನೆ ಲೈಲ್. “ಮಾತು ಬದಲಾಗ್ತಿತ್ತು. ಟಕ್ ಅಂದ್ಮೇಲೆ ಬದಲಾಗಿದ್ದು ಒಂದು ದಿನಾನೂ ಇಲ್ಲ.”

ಈ ಹಂಗಾಮು ಶುರುವಾಗುವ ಹೊತ್ತಿಗೆ ಬೆರಳು ಕೈಕೊಟ್ಟಿತು. ಒತ್ತಿದರೆ ಮಡಚಿಕೊಂಡು ಅಲ್ಲೇ ಸಿಕ್ಕಿಬೀಳುತ್ತಿತ್ತು. ಹೀಗೇ ಒತ್ತುತ್ತಿದ್ದರೆ ಬೆರಳು ಕೊಂಡಿಯಾಗಿಯೇ ನಿಲ್ಲುತ್ತದೆ ಎಂದರು ಮಕೈ ಊರಿನ ಡಾಕ್ಟರು. ಆಪರೇಷನ್ ಆಗಬೇಕು, ಅದೂ ಹಂಗಾಮು ಮುಗಿದ ಮೇಲೆ. ಕಾರ್ಖಾನೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಮಿಕೇಲಾ ಓಟ್ಸ್ ಇದನ್ನು ಕಂಡು ತಾನೇ ಓಡಾಡಿ ಆ ಬಿಳಿ ಮೌಸನ್ನು ತರಿಸಿದಳು. ಒಳ್ಳೆಯ ಹುಡುಗಿ, ಕೇಳದೆಯೇ ಮಾಡಿದ ಉಪಕಾರ ಅದು.

ನಿಜ ಹೇಳಬೇಕೆಂದರೆ ನಾನು ಇಲ್ಲಿಗೆ ಬಂದದ್ದೇ ಮುಟ್ಟುವ ಮೌಸಿಗೆ ನಾಲ್ಕು ಮಾತು ಬೈದು ಪತ್ರಿಕೆಗೆ ಬರೆಯಲು. ನನ್ನ ಮನೆಯಲ್ಲೂ ಅಂಥದ್ದೊಂದಿದೆ. ಕೆಮ್ಮಿದರೆ ಪುಟ ಹಾರುತ್ತದೆ, ಬೆರಳು ಸುಮ್ಮನೆ ಇಟ್ಟರೂ ಏನೋ ಒಂದನ್ನು ತೆರೆದುಬಿಡುತ್ತದೆ. ಕೊರಲಿ ನನ್ನ ದೂರನ್ನೆಲ್ಲ ಕೇಳಿಸಿಕೊಂಡು, ತಮಗೂ ಮೊದಲ ವಾರ ಹಾಗೇ ಆಯಿತು ಎಂದರು. ಬೆರಳು ಸೋಕಿದ್ದಕ್ಕೆ ಬೇಡದ ತುಂಡು ಬಣ್ಣ ಬದಲಿಸಿತ್ತು. ಅದನ್ನು ತಿಳಿದು ಮಿಕೇಲಾ, ಪ್ರತಿಸಲವೂ ಪರದೆ ‘ಹೌದೇ?’ ಎಂದು ಕೇಳುವ ಹಾಗೆ ಮಾಡಿಕೊಟ್ಟಳು. ಆಮೇಲೆ ಸುಖ. ಬೆರಳಿಗೆ ನೋವಿಲ್ಲ. ಹಳೆಯದರ ಚಕ್ರ ತಿರುಗಿಸಿ ತಿರುಗಿಸಿ ಸಾಕಾಗುತ್ತಿದ್ದ ಉದ್ದನೆಯ ಹಳಿಯ ನಕ್ಷೆ ಈಗ ಒಮ್ಮೆ ಬೆರಳು ಸವರಿದರೆ ಈ ತುದಿಯಿಂದ ಆ ತುದಿಗೆ ಜಾರುತ್ತದೆ. ಹಳೆಯದರ ಗುಂಡಿಗೆ ಧೂಳು ಸೇರಿ ಒಂದು ಸಲ ಒತ್ತಿದರೆ ಎರಡು ಸಲ ಒತ್ತಿದಂತಾಗುತ್ತಿದ್ದದ್ದೂ ಉಂಟು.

ಎಲ್ಲ ಯೋಚಿಸಿದ್ದರು. ಸದ್ದಿನ ಬಗ್ಗೆ ಮಾತ್ರ ಯಾರೂ ಯೋಚಿಸಿರಲಿಲ್ಲ. ಕೊರಲಿಯೂ ಯೋಚಿಸಿರಲಿಲ್ಲ. ಡ್ರೈವರುಗಳು ಲೂಪಿನಲ್ಲಿ ಟಕ್ ಸದ್ದಿಗೆ ಕಿವಿಯಾನಿಸಿಕೊಂಡು ಕೂರುತ್ತಿದ್ದರು, ಆಂಟಿ ನಿದ್ದೆ ಹೋದ್ರಾ ಎಂದು ಚುಡಾಯಿಸುತ್ತಿದ್ದರು. ಒಂದಷ್ಟು ದಿನದಲ್ಲಿ ಸರಿಹೋಗುತ್ತದೆ ಎಂದುಕೊಂಡು ಇವರು ನಗುತ್ತಿದ್ದರು.

ಆ ದಿನ ಬ್ರೋಲ್ಗಾ ಎಂಬ ಇಂಜಿನ್ ತುಂಬಿದ ಡಬ್ಬಿಗಳನ್ನು ಎಳೆದುಕೊಂಡು ಸೆವೆನ್ ಮೈಲ್ ಲೂಪಿನಿಂದ ಕ್ಯಾಮಿಲೆರಿ ಕಡೆಗೆ ಇಳಿಜಾರಿನಲ್ಲಿ ಬರುತ್ತಿತ್ತು. ಓಡಿಸುತ್ತಿದ್ದವನು ಡೇರನ್ ವೆಲ್ಲಾ. ಕ್ಯಾಮಿಲೆರಿಯಲ್ಲಿ ಖಾಲಿ ಡಬ್ಬಿಗಳೊಂದಿಗೆ ಕಾಯುತ್ತಿದ್ದ ಲೈಲ್, ಹೊರಡಲೇ ಎಂದು ಕೇಳಿದ. ಕೊರಲಿ ಹೇಳಿದ್ದು ಇಷ್ಟು: “ಪೆಲಿಕನ್, ಸೆವೆನ್ ಮೈಲ್‌ವರೆಗೆ ತಾನೆ? ತಾಳು, ನೋಡ್ತೀನಿ.” ಹೇಳಿ, ಆಗಿನ್ನೂ ದಾರಕ್ಕೆ ಕಟ್ಟಿರದ ಓದುವ ಕನ್ನಡಕ ತೆಗೆದು ಅದರ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದರು. ಕಾಲು ಇನ್ನೂ ಪೆಡಲಿನ ಮೇಲಿತ್ತು.

ಇಂಜಿನ್ನಿನ ಗದ್ದಲದಲ್ಲಿ ‘ತಾಳು’ ಎಂದದ್ದು ಲೈಲ್‌ಗೆ ಕೇಳಿಸಲಿಲ್ಲ. ಸೆವೆನ್ ಮೈಲ್ ಎಂದದ್ದು ಕೇಳಿಸಿತು. ಅದರ ಹಿಂದೆಯೇ ಬಂದ ಟಕ್ ಕೇಳಿಸಿತು. ಎಷ್ಟೋ ದಿನದಿಂದ ಕಾಯುತ್ತಿದ್ದ ಸದ್ದು. ಅಕ್ಕ ಹಳೇ ಮೌಸಿಗೆ ಮರಳಿದಳು ಎಂದುಕೊಂಡು ಸಮಾಧಾನದಿಂದಲೇ ಬ್ರೇಕು ಬಿಟ್ಟ.

ಚುಕ್ಕೆ ಅಲುಗಿದ್ದನ್ನು ಕೊರಲಿ ಮೊದಲು ನಂಬಲಿಲ್ಲ. ಪರದೆಯ ಚುಕ್ಕೆಗಳು ಆಗೀಗ ತಾವಾಗಿಯೇ ಕುಣಿಯುವುದುಂಟು. ಬೆರಳು ಸವರಿದರು, ನಕ್ಷೆ ಸರ್ರನೆ ಜಾರಿ ಆ ಕಡೆಯಿಂದ ಬರುತ್ತಿದ್ದ ಬ್ರೋಲ್ಗಾ ಕಾಣಿಸಿತು. ನಡುವೆ ಒಂದೇ ಹಳಿ. ‘ಇಬ್ಬರೂ ನಿಲ್ಲಿ’ ಎಂದು ಕೊರಲಿ ರೇಡಿಯೊದಲ್ಲಿ ಕೂಗಿದರು. ಡೇರನ್ ಕೇಳಿಸಿಕೊಂಡು ಬ್ರೇಕು ಹಾಕಿದ, ಆದರೆ ತುಂಬಿದ ರೈಲು ಇಳಿಜಾರಿನಲ್ಲಿ ಯಾರ ಮಾತೂ ಕೇಳುವುದಿಲ್ಲ. ಲೈಲ್ ಅದೇ ಹೊತ್ತಿಗೆ ರಸ್ತೆ ದಾಟುತ್ತ ಹಾರ್ನ್ ಹೊಡೆಯುತ್ತಿದ್ದ, ಅವನಿಗೆ ಏನೂ ಕೇಳಲಿಲ್ಲ. ಪೆಲಿಕನ್, ಪೆಲಿಕನ್ ಎಂದು ಕರೆದರು. ರೇಡಿಯೊದಲ್ಲಿ ಇಂಜಿನ್ನಿನ ಹೆಸರು ಬಿಟ್ಟು ಮನುಷ್ಯರ ಹೆಸರು ಹಿಡಿಯಬಾರದು. ಕೊರಲಿ ಹಿಡಿದರು.

“ಲೈಲೀ, ನಿಲ್ಲಿಸೋ.”

ಚಿಕ್ಕಂದಿನಲ್ಲಿ ಹೊಳೆಯ ದಂಡೆಯಿಂದ ಕೂಗಿ ಕರೆಯುತ್ತಿದ್ದ ಹೆಸರು ಅದು. ಹಾರ್ನ್ ನಿಂತ ಗಳಿಗೆಯಲ್ಲಿ ಅದೊಂದು ಅವನ ಕಿವಿಗೆ ಬಿತ್ತು. ಎರಡೂ ಬದಿಗೆ ಆಳೆತ್ತರದ ಕಬ್ಬಿದ್ದ ತಿರುವಿನಲ್ಲಿ ಎರಡು ಇಂಜಿನ್ನುಗಳು ಮೂತಿಗೆ ಮೂತಿ ನಿಂತಾಗ ನಡುವೆ ಉಳಿದದ್ದು ಒಂದು ಕ್ರಿಕೆಟ್ ಪಿಚ್ಚಿನಷ್ಟು ಜಾಗ. ಡೇರನ್ ಕೆಳಗಿಳಿದು ಹಳಿಯ ಮೇಲೆಯೇ ಕೂತುಬಿಟ್ಟ.

ಆ ಭಾನುವಾರ ಚರ್ಚ್ ಮುಗಿಸಿ ಲೈಲ್ ಅಕ್ಕನ ಮನೆಗೆ ಊಟಕ್ಕೆ ಬಂದ. ತಟ್ಟೆ ಮುಟ್ಟಲಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು, ಇನ್ನು ನಿನ್ನ ದನಿ ಕೇಳಿದರೆ ಕೈ ನಡುಗುತ್ತದೆ ಎಂದ. ಕೊರಲಿಯನ್ನು ಕೂದಲೆಳೆಯಲ್ಲಿ ತಪ್ಪಿದ ಡಿಕ್ಕಿಗಿಂತ ಆ ಮಾತೇ ಹೆಚ್ಚು ಕಾಡಿದೆ. ಹೇಳುವಾಗ ಅವರ ಕಣ್ಣು ತುಂಬಿತು, ಮುಚ್ಚಿಡಲೂ ಇಲ್ಲ.

ವಿಚಾರಣೆ ಎಲ್ಲರ ಪಾಲಿಗೂ ಸ್ವಲ್ಪ ಸ್ವಲ್ಪ ತಪ್ಪು ಹಂಚಿತು. ಗುಂಡಿಯ ಮೌಸಿಗೇ ಮರಳೋಣ ಎಂದರು ಮ್ಯಾನೇಜರು. ಬೆರಳು ಒಪ್ಪದು, ಹಾಗಾದರೆ ಕುರ್ಚಿ ಬಿಡಬೇಕು. ಹೊಸ ಮೌಸಿನ ಜೊತೆಗೆ ಕಂಪ್ಯೂಟರಿನಿಂದಲೇ ಟಕ್ ಸದ್ದು ಬರಿಸುತ್ತೇನೆ ಎಂದಳು ಮಿಕೇಲಾ. ಡ್ರೈವರುಗಳು ಕುಣಿದಾಡಿಬಿಟ್ಟರು. ಬೇಡ ಎಂದವರು ಕೊರಲಿ ಒಬ್ಬರೇ.

“ಮೌಸ್ ಒಳ್ಳೇದೇ ಕಣ್ರೀ. ಅವತ್ತು ಬ್ರೋಲ್ಗಾನ ಬೇಗ ತೋರಿಸಿದ್ದೂ ಅದೇ. ಹಳೇದಾಗಿದ್ರೆ ನಾನಿನ್ನೂ ಚಕ್ರ ತಿರುಗಿಸ್ತಾ ಕೂತಿರ್ತಿದ್ದೆ,” ಎನ್ನುತ್ತಾರೆ. “ಆದ್ರೆ ಟಕ್ ಅನ್ನೋದು ಹಳಿ ಯಾರದ್ದು ಅಂತ ಹೇಳಲ್ಲ. ಕನ್ನಡಕದ ಡಬ್ಬಿನೂ ಟಕ್ ಅನ್ನುತ್ತೆ, ಪೆನ್ನೂ ಟಕ್ ಅನ್ನುತ್ತೆ. ಅದನ್ನ ನಂಬೋಕೆ ಬಿಟ್ಟೋಳು ನಾನೇ. ಹುಡುಗರು ನನ್ನ ಟಕ್ಕಿಗೇ ಕಾಯ್ತಾರೆ ಅಂತ ಒಳಗೊಳಗೇ ಖುಷಿ ಬೇರೆ ಇತ್ತು.”

ಅವರ ಆಸೆ ದೊಡ್ಡದೇನಲ್ಲ. ಈ ಹಂಗಾಮಿನ ಕೊನೆಯ ಕಬ್ಬು ಒಳಗೆ ಬರುವವರೆಗೆ ಇದೇ ಕುರ್ಚಿಯಲ್ಲಿ ಕೂತಿರಬೇಕು. ಹಾಗಾಗಬೇಕಾದರೆ ಆ ಹಸಿರು ಚುಕ್ಕೆ ಸದ್ದಿಲ್ಲದೆ ಹೊರಡಬೇಕು.

ಐದೂಮುಕ್ಕಾಲು. ಮಿಕೇಲಾ ಗೋಡೆಗೊರಗಿ ನಿಂತಿದ್ದಾಳೆ. ಮ್ಯಾನೇಜರು ಬಾಗಿಲಲ್ಲಿದ್ದಾರೆ. ಕೊರಲಿ ಪೆಡಲ್ ಒತ್ತುತ್ತಾರೆ.

“ಪೆಲಿಕನ್, ಕ್ಯಾಮಿಲೆರಿಯಿಂದ ಸೆವೆನ್ ಮೈಲ್‌ವರೆಗೆ ಹಳಿ ನಿಂದು. ತಿರುಗಿ ಹೇಳು.”

“ಕ್ಯಾಮಿಲೆರಿಯಿಂದ ಸೆವೆನ್ ಮೈಲ್‌ವರೆಗೆ ನಂದು.” ಲೈಲ್ ತಿರುಗಿ ಹೇಳುತ್ತಾನೆ.

“ಸರಿ,” ಎಂದು ಕೊರಲಿ ಬಿಳಿ ಮೌಸನ್ನು ಮುಟ್ಟುತ್ತಾರೆ. ಪರದೆ ‘ಹೌದೇ?’ ಎನ್ನುತ್ತದೆ. ಮತ್ತೆ ಮುಟ್ಟುತ್ತಾರೆ. ಹಳಿಯ ಬಣ್ಣ ಬದಲಾಗುತ್ತದೆ. ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಅವರ ಕಾಲು ಪೆಡಲಿನಿಂದ ಮೇಲೇಳುತ್ತದೆ.

ಚುಕ್ಕೆ ಅಲುಗುವುದಿಲ್ಲ.

ಒಂದು ನಿಮಿಷ ಹೋಗುತ್ತದೆ. ಸೆವೆನ್ ಮೈಲ್‌ನಲ್ಲಿ ತುಂಬಿದ ಡಬ್ಬಿಗಳೊಂದಿಗೆ ಕಾಯುತ್ತಿರುವ ಡೇರನ್, ತನ್ನ ಸರದಿ ಯಾವಾಗ ಎಂದು ಕೇಳುತ್ತಾನೆ. ಪೆಲಿಕನ್ ಅಲ್ಲಿಗೆ ಬಂದು ಪಕ್ಕಕ್ಕೆ ಸರಿಯುವವರೆಗೆ ಅವನು ಹೊರಡುವಂತಿಲ್ಲ. ಕಾರ್ಖಾನೆಯೊಳಗಿಂದ ಫೋನು ಬರುತ್ತದೆ, ನುರಿಸಲು ಕಬ್ಬು ಕಡಿಮೆಯಾಗುತ್ತಿದೆಯಂತೆ. ಮ್ಯಾನೇಜರು ಗಡಿಯಾರ ನೋಡುತ್ತಾರೆ.

“ಪೆಲಿಕನ್, ಯಾಕೆ ನಿಂತೆ?”

“ಕೇಳಿಸ್ಲಿಲ್ಲ,” ಎನ್ನುತ್ತಾನೆ ಲೈಲ್.

“ಎಲ್ಲ ತಿರುಗಿ ಹೇಳ್ದೆಯಲ್ಲ. ಏನು ಕೇಳಿಸ್ಲಿಲ್ಲ?”

“ನಿಂಗೊತ್ತು.”

ಕೊರಲಿಯ ಎಡಗೈ ಮೇಜಿನ ಮೇಲೆ ಸರಿದು ಹಳೆಯ ಕರಿ ಮೌಸಿನ ಮೇಲೆ ಕೂರುತ್ತದೆ. ಅದರ ವೈರು ಎಲ್ಲಿಗೂ ಸೇರಿಲ್ಲ. ಆದರೂ ಒತ್ತಿದರೆ ಟಕ್ ಎನ್ನುತ್ತದೆ. ಅಷ್ಟು ಸಾಕು, ಅವನು ಹೊರಡುತ್ತಾನೆ, ಕುರ್ಚಿ ಉಳಿಯುತ್ತದೆ. ಮಿಕೇಲಾ ಆ ಕೈಯನ್ನೇ ನೋಡುತ್ತಿದ್ದಾಳೆ. ನಾನಾಗಿದ್ದರೆ ಒತ್ತಿಯೇಬಿಡುತ್ತಿದ್ದೆ, ಸುಳ್ಳೇಕೆ.

ಕೊರಲಿ ಅದನ್ನು ಗುಂಡಿಗೆ ಬೆರಳು ತಾಗದಂತೆ ಪಕ್ಕದಲ್ಲಿ ಹಿಡಿದು ಎತ್ತಿ ನನ್ನ ಕೈಗಿಡುತ್ತಾರೆ. ಚೀಲಕ್ಕೆ ಹಾಕಿಕೊಳ್ಳಿ ಎಂದು ಕಣ್ಣಿನಲ್ಲೇ ಹೇಳುತ್ತಾರೆ. ಆಮೇಲೆ ಪೆಡಲ್ ಒತ್ತುತ್ತಾರೆ.

“ಅದು ಇನ್ಮೇಲೆ ಕೇಳಿಸಲ್ಲ, ಪೆಲಿಕನ್. ನಾನು ಹೇಳ್ದೆ, ನೀನು ತಿರುಗಿ ಹೇಳ್ದೆ, ನಾನು ಸರಿ ಅಂದೆ. ಇರೋದು ಅಷ್ಟೇ. ಹಳಿ ನೋಡಿದೀನಿ, ಎದುರಿಗೆ ಯಾರೂ ಇಲ್ಲ. ಕೈ ನಡುಗ್ತಿದ್ರೆ ನಿಲ್ಲೋವರೆಗೆ ಕೂತಿರು. ನಾನೂ ಇಲ್ಲೇ ಕೂತಿರ್ತೀನಿ.”

ಕಾಲು ಎತ್ತುತ್ತಾರೆ. ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಳ್ಳುತ್ತಾರೆ. ಮತ್ತೆ ಫೋನು ಬರುತ್ತದೆ, ಯಾರೂ ಎತ್ತುವುದಿಲ್ಲ. ಕಿಟಕಿಯಾಚೆ ಬೆಳಕು ಹರಿದು ಕಾರ್ಖಾನೆಯ ಚಿಮಣಿ ಕಾಣತೊಡಗಿದೆ. ನಾನು ಚೀಲದೊಳಗಿನ ಮೌಸು ಎಲ್ಲಿ ಸದ್ದು ಮಾಡುತ್ತದೋ ಎಂದು ಉಸಿರು ಬಿಗಿಹಿಡಿದು ನಿಂತಿದ್ದೇನೆ.

ಹಸಿರು ಚುಕ್ಕೆ ಲೂಪಿನ ಅಂಚಿಗೆ ಬರುತ್ತದೆ. ಅಲ್ಲಿ ಒಂದಿಷ್ಟು ತಡೆಯುತ್ತದೆ. ಆಮೇಲೆ ಒಂಟಿ ಹಳಿಗೆ ಇಳಿದು ಸೆವೆನ್ ಮೈಲ್ ಕಡೆಗೆ ಸಾಗುತ್ತದೆ.

ಕೊರಲಿ ಪೆಡಲ್ ಒತ್ತುವುದಿಲ್ಲ. ಆ ಚುಕ್ಕೆಯನ್ನೇ ನೋಡುತ್ತ, ನಮಗಾರಿಗೂ ಅಲ್ಲದ ಹಾಗೆ ಹೇಳಿಕೊಳ್ಳುತ್ತಾರೆ:

“ಹೊರಟ. ಬರೀ ನನ್ನ ಮಾತಿಗೇ ಹೊರಟ.”